ಒಂದರ ಬಾಲಕ್ಕೊಂದು ಮೂರು

ಇವತ್ತು ಸಂಜೆ ಸ್ಟಾಪಲ್ಲಿ ಅರ್ಧ ಗಂಟೆ ಬಸ್ಸೇ ಇಲ್ಲ. ಆಮೇಲೆ ಒಂದೇ ನಂಬರಿನ ಮೂರು, ಒಂದರ ಬಾಲಕ್ಕೊಂದು. ಮೊದಲನೇದರಲ್ಲಿ ಫುಟ್‌ಬೋರ್ಡ್ ತನಕ ಜನ. ಮೂರನೇದು ಖಾಲಿ.

ಡ್ರೈವರನ್ನ ಬೈಬೇಡಿ. 10 ನಿಮಿಷಕ್ಕೊಂದರಂತೆ ಹೊರಟ ಬಸ್ಸುಗಳಲ್ಲಿ ಒಂದು ಸಿಗ್ನಲಲ್ಲಿ ಎರಡು ನಿಮಿಷ ಸಿಕ್ಕಿಕೊಂಡರೆ ಸಾಕು, ಮುಂದಿನ ಸ್ಟಾಪಲ್ಲಿ ಜನ ಜಾಸ್ತಿ ಸೇರಿರ್ತಾರೆ. ಹತ್ತಿಸಿಕೊಳ್ಳೋಕೆ ಇನ್ನಷ್ಟು ಹೊತ್ತು. ಹಿಂದಿನದಕ್ಕೆ ಜನ ಕಮ್ಮಿ, ಅದು ಬೇಗ ಬಂದು ಹಿಡಿಯುತ್ತೆ. ಹೀಗೆ ಮೂರು ಒಟ್ಟಾಗಿ ಅರ್ಧ ಗಂಟೆಗೊಮ್ಮೆ ಬಂದರೆ, ಬಸ್ಸು ಅಷ್ಟೇ ಇವೆ, ಆದರೆ ಸರಾಸರಿ ಕಾಯೋದು 5 ನಿಮಿಷದಿಂದ 15ಕ್ಕೆ!

ನಡುದಾರಿಯ ಒಂದೆರಡು ಸ್ಟಾಪಲ್ಲಿ ಹಿಂದಿನ ಬಸ್ಸನ್ನ ಎರಡು ಮೂರು ನಿಮಿಷ ತಡೆದರೆ ಅಂತರ ಸರಿಹೋಗುತ್ತೆ. ಅದಕ್ಕೆ ಜಿಪಿಎಸ್ ನೋಡ್ತಾ "ನಿಲ್ಲು, ಈಗ ಹೊರಡು" ಅನ್ನೋ ಒಬ್ಬರು ಕಂಟ್ರೋಲ್ ರೂಮಲ್ಲಿ ಬೇಕು. ಎಷ್ಟು ಟ್ರಿಪ್ ಆಯ್ತು ಅಂತ ಮಾತ್ರ ಲೆಕ್ಕ ಇಟ್ಟರೆ ಈ ಅಂತರ ಕಣ್ಣಿಗೇ ಬೀಳಲ್ಲ.

ಇನ್ನು ನಿಲ್ಲಿಸೋಕೆ ಜಾಗ. ರಸ್ತೆ ಪಾಲಿಕೆಯದು, ಸಿಗ್ನಲ್ ಪೊಲೀಸರದು, ಬಸ್ಸು ನಿಗಮದ್ದು. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸೋಕೆ ಅಂತಲೇ ಬೆಂಗಳೂರಿಗೆ 2022ರ ಭೂಸಾರಿಗೆ ಪ್ರಾಧಿಕಾರ ಕಾಯ್ದೆ ಇದೆ. ಆ ಮೇಜಿಗೆ ಸುರಂಗ, ಫ್ಲೈಓವರ್‌ಗಿಂತ ಮೊದಲು ಈ ಎರಡು ನಿಮಿಷದ ವಿಷಯ ಬರಬೇಕು ಅಂತ ನನ್ನಾಸೆ.