ಕೊಳವೆಯ ಬಾಯಿಯ ಆಚೆ

ತಂಗಿಯ ಮಗ ಮೊದಲನೆಯ ಪಿಯುಸಿಯಲ್ಲಿದ್ದಾನೆ. ಕಳೆದ ಭಾನುವಾರ ಬೆಳಿಗ್ಗೆ ಹನುಮಂತನಗರದ ಅವರ ಮನೆಗೆ ಹೋದಾಗ ಅವನು ಭೌತಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಒಂದು ಅಂಕಿಯನ್ನು ರಬ್ಬರಿನಿಂದ ಅಳಿಸುತ್ತಿದ್ದ. 512 ಹರ್ಟ್ಸ್‌ನ ಶ್ರುತಿಕವೆಯನ್ನು ಕೊಳವೆಯ ಬಾಯಿಗೆ ಹಿಡಿದು ನೀರಿನ ಮಟ್ಟವನ್ನು ಇಳಿಸುತ್ತ ಹೋದಾಗ, ಗಾಳಿಯ ಕಂಬ 16 ಸೆಂಟಿಮೀಟರ್ ಆದಲ್ಲಿ ನಾದ ಮೊದಲ ಸಲ ತುಂಬಿ ಬಂದಿತ್ತು. ಆ ಉದ್ದದ ನಾಲ್ಕರಷ್ಟನ್ನು ಆವೃತ್ತಿಯಿಂದ ಗುಣಿಸಿದರೆ ಶಬ್ದದ ವೇಗ ಸೆಕೆಂಡಿಗೆ 328 ಮೀಟರ್ ಎಂದಾಗುತ್ತದೆ. "ಅಷ್ಟು ಕಡಿಮೆ ಬರಬಾರದಂತೆ ಮಾವ, 346 ಅಂತ ತಿದ್ದಿಕೊಂಡು ಬಾ ಅಂದಿದ್ದಾರೆ" ಎಂದ. ಕಣ್ಣಾರೆ ಅಳೆದದ್ದನ್ನು ಹುಡುಗ ತನ್ನ ಕೈಯಿಂದಲೇ ಅಳಿಸುತ್ತಿರುವುದನ್ನು ಕಂಡು ನನಗೆ ಸಂಕಟವಾಯಿತು, ಏಕೆಂದರೆ ಅವನ ಅಳತೆಯಲ್ಲಿ ತಪ್ಪಿರಲಿಲ್ಲ.

ಮನೆಯ ಹಿಂದೆ ಕಾವೇರಿ ನೀರು ತುಂಬಿಡುವ ನೀಲಿ ಡ್ರಮ್ಮು ಇತ್ತು. ಪ್ಲಂಬರ್ ಬಿಟ್ಟುಹೋಗಿದ್ದ 76 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪಿನ ತುಂಡೂ ಸಿಕ್ಕಿತು. ಅದರ ಒಳವ್ಯಾಸ 4.8 ಸೆಂಟಿಮೀಟರ್. ಮೊಬೈಲಿನಲ್ಲಿ 512 ಹರ್ಟ್ಸ್‌ನ ಸ್ವರವನ್ನು ಹಚ್ಚಿ, ಪೈಪನ್ನು ಡ್ರಮ್ಮಿನಲ್ಲಿ ಮುಳುಗಿಸಿ ಮೆಲ್ಲಗೆ ಮೇಲೆತ್ತಿದೆವು. ನಾದ ಮೊದಲು ಉಬ್ಬಿದ್ದು 15.5 ಸೆಂಟಿಮೀಟರಿನಲ್ಲಿ, ಮತ್ತೆ ಉಬ್ಬಿದ್ದು 49.3ರಲ್ಲಿ. ಮೊದಲ ಅಳತೆಯೊಂದನ್ನೇ ನಂಬಿ ಲೆಕ್ಕ ಹಾಕಿದರೆ ವೇಗ 317ಕ್ಕೆ ಇಳಿಯುತ್ತದೆ, ಅಂದರೆ ಅವನ ಕಾಲೇಜಿನ ಸಣ್ಣ ಕೊಳವೆಗಿಂತಲೂ ಕಡಿಮೆ. ಆದರೆ ಎರಡು ಅಳತೆಗಳ ನಡುವಿನ 33.8 ಸೆಂಟಿಮೀಟರ್ ಅರ್ಧ ತರಂಗಾಂತರಕ್ಕೆ ಸಮ. ಅದರಿಂದ ಬಂದ ವೇಗ 346. ಆ ಹೊತ್ತಿನ 25 ಡಿಗ್ರಿ ಸೆಲ್ಸಿಯಸ್ ಗಾಳಿಗೆ ಅದು ಸರಿಯಾದ ಬೆಲೆ.

ನೀರಿನ ಮೇಲ್ಮೈಯಲ್ಲಿ ಗಾಳಿಗೆ ಹಿಂದೆಮುಂದೆ ಸರಿಯಲು ಎಡೆಯಿಲ್ಲ, ಆದ್ದರಿಂದ ಅಲ್ಲಿ ನಿಸ್ಪಂದ. ಬಾಯಿಯ ಬಳಿ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕೆ ಸಮನಾಗಿಬಿಡುವುದರಿಂದ ಅಲ್ಲಿ ಗಾಳಿಯ ಓಲಾಟ ಅತಿ ಹೆಚ್ಚು, ಅದು ಪ್ರಸ್ಪಂದ. ಇವೆರಡರ ನಡುವೆ ಕಾಲು ತರಂಗ ಅಥವಾ ಮುಕ್ಕಾಲು ತರಂಗ ಹಿಡಿಸೀತೇ ಹೊರತು ಅರ್ಧ ಹಿಡಿಸದು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಬೆಸ ಸಂಖ್ಯೆಯ ಸ್ವರಗಳಷ್ಟೇ ನಿಲ್ಲುವುದು ಇದರಿಂದಲೇ. ಗೋಡೆಯೇ ಇಲ್ಲದ ತೆರೆದ ಬಾಯಿಯಿಂದ ಶಬ್ದ ಮರಳುವುದು ನನಗೆ ಇಂದಿಗೂ ಬೆರಗಿನ ಸಂಗತಿ: ಹೊರಗೆ ಬಂದ ಒತ್ತಡ ಬಯಲಿನಲ್ಲಿ ಹರಡಿಹೋದಾಗ ಅದರ ಬದಲಿಗೆ ವಿರಳತೆಯ ಅಲೆಯೊಂದು ಒಳಕ್ಕೆ ತಿರುಗುತ್ತದೆ. ಈ ತಿರುವು ಸರಿಯಾಗಿ ಅಂಚಿನಲ್ಲಿ ನಡೆಯದೆ, ಬಾಯಿಯ ಹೊರಗಿನ ಸ್ವಲ್ಪ ಗಾಳಿಯೂ ಕಂಬದ ಜೊತೆ ಓಲಾಡುವುದರಿಂದ, ಕೊಳವೆ ತನ್ನ ಉದ್ದಕ್ಕಿಂತ ತುಸು ಉದ್ದವಾಗಿರುವಂತೆ ನಡೆದುಕೊಳ್ಳುತ್ತದೆ. ಆ ಹೆಚ್ಚುವರಿ ಉದ್ದ ತ್ರಿಜ್ಯದ 0.6133 ಪಟ್ಟು ಎಂದು 1948ರಲ್ಲಿ ಹೆರಾಲ್ಡ್ ಲೆವಿನ್ ಮತ್ತು ಜೂಲಿಯನ್ ಶ್ವಿಂಗರ್ ತೆಳುಗೋಡೆಯ ಕೊಳವೆಗೆ ಲೆಕ್ಕ ಹಾಕಿ ತೋರಿಸಿದರು. ನಮ್ಮ ಅಳತೆಗಳಿಂದ ಹೊರಬಿದ್ದದ್ದು 1.4 ಸೆಂಟಿಮೀಟರ್; ಪೈಪಿನ ತ್ರಿಜ್ಯದಿಂದ ಲೆಕ್ಕ ಹಾಕಿದರೆ 1.5ಕ್ಕೆ ಕೊಂಚ ಕಡಿಮೆ.

ಅಷ್ಟರಲ್ಲಿ ತಂಗಿಯೂ ಹಿತ್ತಿಲಿಗೆ ಬಂದಳು. ಅವಳು ಹಲವು ವರ್ಷ ಸಂಗೀತ ಕಲಿತವಳು. ನಾನು ಪೈಪಿನ ನೀರನ್ನು ಒರೆಸಿ, ಒಂದು ತುದಿಗೆ ಅಂಗೈಯಿಂದ ಬಡಿದು ಕೈಯನ್ನು ಅಲ್ಲೇ ಒತ್ತಿಹಿಡಿದೆ. ಬಡಿದ ತಕ್ಷಣ ಕೈ ತೆಗೆದು ಇನ್ನೊಮ್ಮೆ ಕೇಳಿಸಿದೆ. ಮುಚ್ಚಿದಾಗ ಒಂದು ಸ್ವರ, ತೆರೆದಾಗ ಅದರ ಮೇಲಿನ ಷಡ್ಜ, ಅಂದರೆ ಇಮ್ಮಡಿ ಆವೃತ್ತಿಯ ಸ್ವರ, ಬರುತ್ತದೆಂದು ಅಳಿಯನಿಗೆ ಹೇಳಿದ್ದೆ, ಏಕೆಂದರೆ ಎರಡೂ ತುದಿ ತೆರೆದ ಕೊಳವೆಯಲ್ಲಿ ಅರ್ಧ ತರಂಗ ನಿಲ್ಲುತ್ತದೆ. ತಂಗಿ ನಾಲ್ಕೈದು ಸಲ ಬಡಿಸಿ ಕೇಳಿದಳು. "ಅಣ್ಣ, ಮೇಲಿನದು ಶ್ರುತಿಗೆ ಕೂಡ್ತಿಲ್ಲ, ಒಂದು ಚೂರು ಇಳಿದಿದೆ" ಎಂದಳು.

ಅವಳು ಹೇಳುವವರೆಗೆ ನನಗೆ ಅದು ಹೊಳೆದಿರಲಿಲ್ಲ. ಮುಚ್ಚಿದ ಪೈಪಿಗೆ ಹೆಚ್ಚುವರಿ ಉದ್ದ ಒಂದೇ ಬಾಯಿಯಲ್ಲಿ, ತೆರೆದದ್ದಕ್ಕೆ ಎರಡೂ ಬಾಯಿಗಳಲ್ಲಿ. ಕಾಗದದ ಮೇಲೆ ಲೆಕ್ಕ ಹಾಕಿದಾಗ ಮುಚ್ಚಿದ್ದು ಸುಮಾರು 112 ಹರ್ಟ್ಸ್, ತೆರೆದದ್ದು ಸುಮಾರು 220 ಬಂತು; ಸರಿಯಾದ ಇಮ್ಮಡಿಯಾಗಲು 4 ಹರ್ಟ್ಸ್‌ನಷ್ಟು ಕೊರತೆ. ಅಳತೆಪಟ್ಟಿಯಿಂದ ನಾವು ಹಿಡಿದಿದ್ದನ್ನು ಅವಳು ಬರಿಯ ಕಿವಿಯಿಂದಲೇ ಹಿಡಿದಿದ್ದಳು.

ಅಳಿಯ ರೆಕಾರ್ಡಿನಲ್ಲಿ 328ನ್ನೇ ಮತ್ತೆ ಬರೆದ. ತಿದ್ದುಪಡಿಯ ಲೆಕ್ಕವನ್ನು ಅದರ ಕೆಳಗೆ ಸೇರಿಸಲು ಹೊರಟಾಗ, ಕಾಲೇಜಿನ ಕೊಳವೆಯ ವ್ಯಾಸವನ್ನು ತಾನು ಅಳೆದೇ ಇಲ್ಲವೆಂಬುದು ನೆನಪಾಯಿತು. ಅಷ್ಟು ಜಾಗವನ್ನು ಖಾಲಿ ಬಿಟ್ಟು, ಸೋಮವಾರಕ್ಕೆಂದು ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡ.