ಎಡವಿ ಬೀಳುವುದಕ್ಕೂ ಅಭ್ಯಾಸ ಬೇಕೆ?

ಉಡುಪಿಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಸುವವನು ಎಂದು ತಿಳಿದೊಡನೆ ಅನೇಕರು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಹಾಸ್ಯಗಾರನಿಗೆ ಮಾತು ಬಂದರೆ ಸಾಲದೆ, ಎಡವಿ ಬೀಳುವುದಕ್ಕೂ ಅಭ್ಯಾಸ ಬೇಕೆ? ಬೇಕು, ಅದೂ ಉಳಿದ ವೇಷಧಾರಿಗಳಿಗಿಂತ ಹೆಚ್ಚಾಗಿಯೇ ಬೇಕು ಎಂಬುದು ನನ್ನ ಉತ್ತರ.

ಅರ್ಜುನನ ವೇಷಧಾರಿ ತಾಳ ತಪ್ಪಿದರೆ ಅದು ತಪ್ಪು, ಅಷ್ಟೆ. ಹಾಸ್ಯಗಾರ ಮಾಡುವ ದೂತನೋ ಕಂಸನ ಅಗಸನೋ ತಾಳ ತಪ್ಪಿದಂತೆ ಕಾಣಬೇಕು, ಆದರೆ ತಾಳ ಮುಗಿಯುವ ಮುಕ್ತಾಯದ ಹೊಡೆತಕ್ಕೆ ಸರಿಯಾಗಿ ಅವನ ಕಾಲು ನೆಲ ಮುಟ್ಟಬೇಕು. ನಿಜವಾಗಿ ತಪ್ಪಿದರೆ ಚೆಂಡೆಯವರಿಗೆ ಎಲ್ಲಿ ನುಡಿಸಬೇಕೆಂಬುದು ತಿಳಿಯುವುದಿಲ್ಲ, ಪ್ರೇಕ್ಷಕರಿಗೆ ನಗುವಿನ ಬದಲು ಕನಿಕರ ಹುಟ್ಟುತ್ತದೆ.

ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡಿರಬೇಕು, ಇಲ್ಲವಾದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಮೊದಲು ಮಂಡಿ ಮಡಿಸಿ ದೇಹವನ್ನು ತಗ್ಗಿಸಿ, ತೊಡೆಯ ಹೊರಬದಿ, ಪೃಷ್ಠ, ಬೆನ್ನಿನ ಪಕ್ಕ ಎಂಬ ಕ್ರಮದಲ್ಲಿ ನೆಲಕ್ಕೆ ತಾಗಿಸಿದರೆ ಪೆಟ್ಟು ಒಂದೇ ಕಡೆ ನಿಲ್ಲದೆ ಹರಡಿಹೋಗುತ್ತದೆ. ಗಾಬರಿಯಿಂದ ಕೈ ನೀಟಿ ಅಂಗೈ ಊರಿದರೆ ಮಣಿಕಟ್ಟು ಮುರಿಯುವ ಸಂಭವವುಂಟು. ಸಭೆಗೆ ಕೇಳಿಸುವ ಆ ದೊಡ್ಡ ಸದ್ದು ಬಹುಪಾಲು, ಬಿದ್ದ ಮೇಲೆ ಹಲಗೆಗೆ ಅಪ್ಪಳಿಸಿದ ಅಂಗೈಯದು.

ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಈ ವಿದ್ಯೆಯನ್ನು ಚಿಕ್ಕಂದಿನಲ್ಲಿಯೇ ತಂದೆತಾಯಿಯರ ಜತೆ ರಂಗದ ಮೇಲೆ ಕಲಿತವರು; ತಾನು ನಕ್ಕರೆ ಜನ ನಗುವುದು ಕಡಿಮೆಯಾಗುತ್ತದೆ ಎಂಬುದನ್ನೂ ಅಲ್ಲಿಯೇ ಕಂಡುಕೊಂಡರು. 1928ರ ‘ಸ್ಟೀಂಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯ ಇಡೀ ಮುಂಗೋಡೆ ಅವರ ಮೇಲೆ ಬೀಳುತ್ತದೆ, ತೆರೆದ ಕಿಟಕಿಯ ಜಾಗದಲ್ಲಿ ಅವರು ನಿಂತೇ ಉಳಿಯುತ್ತಾರೆ. ಆ ಗೋಡೆ ನಿಜವಾದುದು, ತೂಕದ್ದು. ಕೆಲವೇ ಅಂಗುಲ ಆಚೀಚೆ ನಿಂತಿದ್ದರೂ ಜೀವಕ್ಕೆ ಅಪಾಯವಿತ್ತು. ಅಲ್ಲಿ ಅವರು ಮಾಡುವುದು ಸುಮ್ಮನೆ ನಿಲ್ಲುವುದನ್ನು ಮಾತ್ರ, ಆದರೆ ಹಾಗೆ ನಿಲ್ಲಲು ಅಳತೆಯ ಮೇಲೆ ಎಷ್ಟು ನಂಬಿಕೆ ಬೇಕು!

ನಮ್ಮಲ್ಲಿ ಇದಕ್ಕೆ ಸಮನಾದ ಪರೀಕ್ಷೆ ಬಾಹುಕನ ಪಾತ್ರ ಎಂದು ನಾನು ತಿಳಿದಿದ್ದೇನೆ. ಕಾರ್ಕೋಟಕನೆಂಬ ಸರ್ಪ ಕಚ್ಚಿ ವಿಕಾರಗೊಂಡ ನಳನ ದೇಹವದು. ಬೆನ್ನು ಬಗ್ಗಿಸಿ, ಮಂಡಿ ಮಡಿಸಿ, ಆ ಭಂಗಿಯನ್ನು ಒಂದು ಕ್ಷಣವೂ ಸಡಿಲಿಸದೆ ಹೊತ್ತುಗಟ್ಟಲೆ ಕುಣಿಯಲು ತೊಡೆಯಲ್ಲಿ ಬಲ ಬೇಕು. ಕುರೂಪಕ್ಕೆ ನಗುವ ಜನ, ಋತುಪರ್ಣ ರಾಜನ ರಥದ ಕುದುರೆಗಳನ್ನು ಅವನು ಹೂಡುವ ಹೊತ್ತಿಗೆ ಒಳಗಿರುವ ಅರಸನನ್ನು ಗುರುತಿಸುವಂತಾಗಬೇಕು. ಕೈಯ ಒಂದು ಚಲನೆಯಲ್ಲಿ ಇದನ್ನು ಸಾಧಿಸುವ ಹಾಸ್ಯಗಾರನಿಗೆ ಎಷ್ಟೋ ಮಾತು ಉಳಿತಾಯವಾಗುತ್ತದೆ.

ಧ್ವನಿವರ್ಧಕ ಬಂದ ಮೇಲೆ ಹಾಸ್ಯಗಾರರು ಮೈಕಿನ ಕೆಳಗೆ ನಿಂತು ಮಾತಾಡುವುದು ಹೆಚ್ಚಾಗಿ, ಹಾಸ್ಯ ಮೈಯಿಂದ ಗಂಟಲಿಗೆ ಸರಿದಿದೆ ಎಂಬುದು ನನ್ನ ತಕರಾರು. ಚುರುಕು ಮಾತಿನ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಊರಿನ ರಾಜಕೀಯದ ಚಟಾಕಿ ತಂಡದ ಮುಂದಿನ ತಿರುಗಾಟಕ್ಕೆ ಹಳತಾಗುತ್ತದೆ. ಆದ್ದರಿಂದಲೇ ಹಾಸ್ಯ ಕಲಿಯಲೆಂದು ಬಂದವರಿಗೆ ನಾನು ಮೊದಲು ಅರ್ಥಗಾರಿಕೆ, ಅಂದರೆ ಪಾತ್ರದ ಮಾತುಗಾರಿಕೆ, ಹೇಳಿಕೊಡುವುದಿಲ್ಲ. ಹಾಡುವ ಭಾಗವತರ ಪದಕ್ಕೆ ತಪ್ಪಿಲ್ಲದೆ ಕುಣಿಯಲು ಬಂದ ಮೇಲೆ, ಅದೇ ಪದಕ್ಕೆ ಒಂದೇ ಒಂದು ಹೆಜ್ಜೆಯನ್ನು ಬೇಕೆಂದೇ ತಡವಾಗಿ ಇಡಲು ಹೇಳುತ್ತೇನೆ.