ದಾಸವಾಳಕ್ಕೆ ಹಬ್ಬಿದ ಬಳ್ಳಿ

ಜನವರಿಯಲ್ಲಿ ಕೊಡಗಿನ ಗೋಣಿಕೊಪ್ಪದ ಹತ್ತಿರ ಈ ಬಾಡಿಗೆ ಮನೆಗೆ ಬಂದಾಗ ಹಿತ್ತಲಿನ ದಾಸವಾಳದ ಬುಡ ಬರೀ ಮಣ್ಣು. ಜೂನ್‌ನಲ್ಲಿ ಮಳೆ ಹಿಡಿದು ವಾರ ಕಳೆಯುವುದರೊಳಗೆ ಅಲ್ಲಿ ಒಂದು ಮೊಳಕೆ ಎದ್ದಿತು. ಹಿಂದೆ ಇದ್ದವರು ಶುಂಠಿ ಹಾಕಿದ್ದರಂತೆ. ಎಲೆಯೂ ಹಾಗೇ ಉದ್ದಕ್ಕೆ, ಚೂಪಾಗಿತ್ತು. ಶುಂಠಿಯೇ ಅಂದುಕೊಂಡು ಬಿಟ್ಟೆ.

ಆದರೆ ಶುಂಠಿ ಮರ ಹತ್ತುವುದಿಲ್ಲ, ಅಲ್ವಾ? ಜುಲೈ ಹೊತ್ತಿಗೆ ಇದು ದಾಸವಾಳದ ಅರ್ಧ ಎತ್ತರಕ್ಕೆ ಬಂದಿತ್ತು. ಒಂದು ಎಲೆ ಕಿತ್ತು ಮೂಸಿದೆ, ಶುಂಠಿಯ ವಾಸನೆಯೇ ಇಲ್ಲ. ಆಮೇಲೆ ಎಲೆಯ ತುದಿ ನೋಡಿದೆ. ಹಾಗಲ ಬಳ್ಳಿಗೆ ಹಿಡಿದುಕೊಳ್ಳಲು ಬೇರೆಯೇ ಕುಡಿ ಇರುತ್ತದೆ. ಇದಕ್ಕೆ ಎಲೆಯ ತುದಿಯೇ ಸಣ್ಣಗಾಗಿ, ಸುರುಳಿ ಸುತ್ತಿ, ದಾಸವಾಳದ ಕಡ್ಡಿಯನ್ನು ಹಿಡಿದಿತ್ತು. ತಿಪಟೂರಿನ ನಮ್ಮ ತೋಟದಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ದಿನಾ ಬೆಳಿಗ್ಗೆ ಛತ್ರಿ ಹಿಡಿದು ಅದರ ಮುಂದೆ ನಿಲ್ಲುವುದು ಅಭ್ಯಾಸವಾಯಿತು.

ಆಗಸ್ಟ್‌ನಲ್ಲಿ ಮೊಗ್ಗು ಬಂತು. ಹಸಿರು ಮೊಗ್ಗು, ತಲೆ ಕೆಳಗೆ. ಅರಳಿದಾಗ ಆರು ಎಸಳೂ ಹಿಂದಕ್ಕೆ ಬಾಗಿ ಮೇಲಕ್ಕೆ ನಿಂತವು, ಅಂಚೆಲ್ಲ ಅಲೆ ಅಲೆ. ಮೊದಲು ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತಾ ಬಂದು ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂ!

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಹೆಸರು ಹೇಳಿದರು: ತೋಕ್ ಪೂ. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಈ ಹೂ ಇಟ್ಟು ಪೂಜೆ ಮಾಡುತ್ತಾರೆ. ನಮ್ಮ ಮಲೆನಾಡಿನ ಸ್ನೇಹಿತೆಗೆ ಫೋಟೊ ಕಳಿಸಿದರೆ, "ಅಯ್ಯೋ, ಗೌರಿ ಹೂ ಕಣೇ" ಅಂದಳು. ಪುಸ್ತಕದ ಹೆಸರು ಗ್ಲೋರಿಯೋಸಾ ಸುಪರ್ಬಾ. ತಮಿಳುನಾಡಿನ ರಾಜ್ಯಪುಷ್ಪವೂ ಇದೇ.

ಅಜ್ಜಿ ಇನ್ನೊಂದು ಮಾತನ್ನು ಎರಡೆರಡು ಸಲ ಹೇಳಿದರು. ಗೆಡ್ಡೆ ಮುಟ್ಟಬೇಡ, ವಿಷ. ನನ್ನ ಮಗಳಿಗೆ ಐದು ವರ್ಷ, ಮಣ್ಣು ಕೆದಕುವುದೆಂದರೆ ಪ್ರಾಣ. ಎದೆ ಝಲ್ಲೆಂದಿತು. ಗಿಡದ ತುಂಬಾ ಕೊಲ್ಚಿಸಿನ್ ಎಂಬ ವಿಷ ಇದೆ, ಗೆಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಗೆಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಕೊಲ್ಚಿಸಿನ್ ಎಂಬ ಹೆಸರು ನನಗೆ ಗೊತ್ತಿತ್ತು. ಅಪ್ಪನ ಕಾಲಿನ ಹೆಬ್ಬೆರಳು ಗೌಟ್‌ನಿಂದ ಊದಿಕೊಂಡಾಗ ಡಾಕ್ಟರ್ ಬರೆದುಕೊಡುವ ಪುಟ್ಟ ಮಾತ್ರೆ ಅದೇ. ತಮಿಳುನಾಡಿನ ರೈತರು ಆ ಔಷಧಿಗಾಗಿಯೇ ಈ ಬಳ್ಳಿ ಬೆಳೆದು ಬೀಜ ಮಾರುತ್ತಾರೆ.

ಕಿತ್ತು ಹಾಕು ಅಂದರು ಮನೆಯವರು. ನನಗೆ ಮನಸ್ಸು ಬರಲಿಲ್ಲ. ಮಳೆಗಾಲ ಮುಗಿದರೆ ಬಳ್ಳಿ ಒಣಗುತ್ತದೆ, ಗೆಡ್ಡೆ ಮಾತ್ರ ಮಣ್ಣೊಳಗೆ ಉಳಿಯುತ್ತದೆ. ಜನವರಿಯಲ್ಲಿ ನನಗೆ ಏನೂ ಕಾಣದ್ದು ಅದಕ್ಕೇ. ಬುಡದ ಸುತ್ತ ಕಲ್ಲು ಜೋಡಿಸಿ, ಬಿದಿರಿನ ತಡಿಕೆ ಕಟ್ಟಿದೆ. ಅಲ್ಲೇ ಗೆಣಸು ಹಾಕಬೇಕೆಂದಿದ್ದೆ, ಅದನ್ನು ಬಾವಿಯ ಆಚೆ ಬದಿಗೆ ಒಯ್ದೆ.

ಸೆಪ್ಟೆಂಬರ್ ಮೊದಲ ವಾರ ಅಜ್ಜಿಯ ಮೊಮ್ಮಗ ಹೂ ಕೇಳಲು ಬಂದ. ಪೂರ್ತಿ ಕೆಂಪಾದ ಎರಡು ಹೂ ಕೊಯ್ದು ಕೊಟ್ಟೆ. ಇನ್ನೂ ನಾಲ್ಕು ಮೊಗ್ಗು ಬಳ್ಳಿಯಲ್ಲಿವೆ.